ಅವ್ವನ ಕಡೆಯಿಂದ ಬಂದದ್ದು

ಗಂಡಸಿ
19-1-2025

ಶಿಲ್ಪಾ,

ಕವರಿನ ಮೇಲಿನ ಅಕ್ಷರ ನೋಡಿದಾಗಲೇ ಇದು ನನ್ನದೆಂದು ನಿನಗೆ ಗೊತ್ತಾಗಿರುತ್ತದೆ. ಓದದೆ ಹರಿದು ಹಾಕಬೇಡ. ಫೋನು ಮಾಡಿದರೆ ನೀನು ಎತ್ತುವುದಿಲ್ಲ, ಎತ್ತು ಎಂದು ಕೇಳುವ ಮುಖವೂ ನನಗಿಲ್ಲ. ಅವ್ವ ತೀರಿಹೋದ ಹನ್ನೊಂದನೆಯ ದಿನ ಅಕ್ಕತಂಗಿ ಮಾತು ಬಿಟ್ಟೆವು. ಆರು ವರ್ಷವಾಯಿತು.

ಗೌತಮನ ಕಣ್ಣು ಹೋಗಿದೆ.

ಇದನ್ನು ಬೇರೆ ಹೇಗೆ ಬರೆಯಬೇಕೋ ಗೊತ್ತಾಗಲಿಲ್ಲ. ಹಾಸನದಲ್ಲಿ ಬಿ.ಕಾಂ. ಕೊನೆಯ ವರ್ಷದಲ್ಲಿದ್ದ. ಹೋದ ಜುಲೈಯಲ್ಲಿ ಎಡಗಣ್ಣಿನ ನಡುವೆ ಮಬ್ಬು ಕವಿದಂತೆ ಆಗುತ್ತದೆ ಎಂದ. ಕನ್ನಡಕ ಬದಲಿಸಿದರೆ ಸರಿಹೋಗುತ್ತದೆ ಅಂದುಕೊಂಡೆವು. ನೋವಿಲ್ಲ, ಕೆಂಪಾಗಿಲ್ಲ, ನೀರು ಸೋರುವುದಿಲ್ಲ. ಸೆಪ್ಟೆಂಬರಿನಲ್ಲಿ ಬಲಗಣ್ಣೂ ಹಾಗೇ ಆಯಿತು. ಈಗ ಬಾಗಿಲು, ಗೋಡೆ, ಅಂಗಳದಲ್ಲಿ ಓಡಾಡುವವರ ನೆರಳು ತಿಳಿಯುತ್ತದೆ. ಎದುರು ನಿಂತವರ ಮುಖ ಕಾಣುವುದಿಲ್ಲ, ಅಕ್ಷರ ಕಾಣುವುದಿಲ್ಲ. ಮೊನ್ನೆ ಮುಂದೆ ತಟ್ಟೆ ಇಟ್ಟರೆ "ಯಾರು, ಅಮ್ಮಾನಾ?" ಎಂದು ಕೇಳಿದ. ಅವರಪ್ಪ ಎದ್ದು ಹೊರಗೆ ಹೋದರು.

ಬೆಂಗಳೂರಿಗೆ ನಾಲ್ಕು ಸಲ ಹೋಗಿ ಬಂದೆವು. ಕೊನೆಗೆ ರಕ್ತ ತೆಗೆದು ಎಲ್ಲಿಗೋ ಕಳಿಸಿದರು. ವರದಿ ಬಂದ ದಿನ ಡಾಕ್ಟರಮ್ಮ ನನ್ನನ್ನು ಕೂರಿಸಿಕೊಂಡು, ನಿಮ್ಮ ತಾಯಿ ಕಡೆಯ ಗಂಡಸರಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿಗೆ ಹೀಗಾಗಿತ್ತೇ ಎಂದು ಕೇಳಿದರು. ಇಲ್ಲ ಎಂದೆ. ಅವರು ಹಾಗೇ ಬರೆದುಕೊಂಡರು. ವಾಪಸು ಬರುವಾಗ ಬಸ್ಸು ತಿಪಟೂರು ದಾಟಿದ ಮೇಲೆ ಸಣ್ಣಯ್ಯ ಮಾವ ನೆನಪಾದ.

ಅವ್ವನ ಒಡಹುಟ್ಟಿದ ತಮ್ಮ, ಇಪ್ಪತ್ತೆರಡಕ್ಕೆ ಕಣ್ಣು ಕಳೆದುಕೊಂಡವನು. ಆದರೂ ನೆನಪಾಗಲಿಲ್ಲ ನೋಡು. ಅವನದು ಕಾಯಿಲೆ ಎಂದು ನಮ್ಮಲ್ಲಿ ಯಾರೂ ಅಂದುಕೊಂಡೇ ಇರಲಿಲ್ಲ. ಕಳ್ಳಭಟ್ಟಿ ಕುಡಿದು ಹಾಳು ಮಾಡಿಕೊಂಡ ಎಂದೇ ಹೇಳುತ್ತಿದ್ದೆವು. ಹನ್ನೊಂದನೆಯ ದಿನ, ಅವ್ವನ ನಂತರ ಅವನು ಯಾರ ಮನೆಯಲ್ಲಿರಬೇಕು ಎಂಬ ಮಾತು ಬಂದಾಗ, ತಿಂಗಳ ಸಂಬಳದ ಕೆಲಸದಲ್ಲಿರುವ ನಾನು ಹೇಳಿದ್ದು ನಿನಗೆ ನೆನಪಿದೆ. "ಕುಡ್ದು ಕಣ್ ಕಳ್ಕಂಡೋನ್ಗೆ ನಾನ್ಯಾಕೆ ಅನ್ನ ಹಾಕ್ಲಿ." ಅವನು ಬಾಗಿಲ ಪಕ್ಕದಲ್ಲೇ ಕೂತಿದ್ದ. ನೀನು ಅವನ ಕೈ ಹಿಡಿದು ಎಬ್ಬಿಸಿಕೊಂಡು ಹುಲಿಕೆರೆಗೆ ಹೊರಟುಹೋದೆ.

ಡಾಕ್ಟರಮ್ಮನಿಗೆ ಮತ್ತೆ ಫೋನು ಮಾಡಿ ಮಾವನ ವಿಷಯ ಹೇಳಿದೆ. ಅದೇ ಇದು ಎಂದರು. ಕುಡಿತದಿಂದ ಆದದ್ದಲ್ಲ. ಗೌತಮನಿಗೆ ಬಂದದ್ದೇ ಅವನಿಗೂ ಬಂದದ್ದು. ಇದನ್ನು ಅವನಿಗೆ ಓದಿ ಹೇಳು, ನಾನು ಕ್ಷಮೆ ಕೇಳಿದೆ ಎಂದೂ ಹೇಳು. ನಾನೇ ಬಂದು ಹೇಳಬೇಕಿತ್ತು.

ಭರತ ಹೇಗಿದ್ದಾನೆ? ಅವನಿಗೀಗ ಇಪ್ಪತ್ತಲ್ಲವೇ? ಏನು ಮಾಡಿಕೊಂಡಿದ್ದಾನೆ? ನಿಮ್ಮ ಯಜಮಾನರು ಹೇಗಿದ್ದಾರೆ? ಅಂಗನವಾಡಿ ಕೆಲಸ ನಡೆಯುತ್ತಿದೆಯೇ? ಭರತ ಆರೋಗ್ಯವಾಗಿದ್ದಾನೆ ತಾನೆ? ಅವನ ವಿಷಯ ಬರೆ.

ಅಕ್ಕ ಎಂದು ಸಹಿ ಹಾಕಲು ಧೈರ್ಯ ಸಾಲದ
ಮಂಜುಳಾ


ಹುಲಿಕೆರೆ
10-2-2025

ಅಕ್ಕನಿಗೆ,

ಕಾಗದ ತಲುಪಿತು. ಗೌತಮನ ವಿಷಯ ಓದಿ ಆ ದಿನ ಅಂಗನವಾಡಿಗೆ ಹೋಗಲಾಗಲಿಲ್ಲ. ಅವನು ಚಿಕ್ಕವನಿದ್ದಾಗ ನನ್ನ ಸೊಂಟದ ಮೇಲೇ ಬೆಳೆದವನು. ನಿನ್ನ ಮೇಲಿನ ಕೋಪ ಬೇರೆ, ಅವನು ಬೇರೆ.

ಮಾವನಿಗೆ ಓದಿ ಹೇಳಿದೆ. ಕುಡಿತದಿಂದ ಆದದ್ದಲ್ಲ ಎನ್ನುವ ಭಾಗವನ್ನು ಇನ್ನೊಂದು ಸಲ ಓದು ಎಂದ. ಓದಿದೆ. ಆಮೇಲೆ ಹೇಳಿದ: "ನಾನು ಅವಾಗ್ಲೇ ಹೇಳ್ದೆ ಕಣವ್ವ, ಕಣ್ ಹೋದ್ಮೇಲೆ ಕುಡಿಯಾಕ್ ಶುರು ಮಾಡಿದ್ದು ಅಂತ. ಯಾರೂ ಕೇಳ್ಲಿಲ್ಲ. ಎಲ್ರೂ ಹೇಳಿ ಹೇಳಿ ಆಮೇಲೆ ನಂಗೂ ಹಂಗೇ ಅನ್ಸಕ್ಕೆ ಶುರುವಾತು. ಮೊದ್ಲೇ ಕುಡ್ದಿದ್ನೇನೋ, ನಂಗೇ ಮರ್ತೋಗೈತೇನೋ ಅಂತ."

ನಲವತ್ತೆರಡು ವರ್ಷ ಅಕ್ಕ. ನೀನು ಕ್ಷಮೆ ಕೇಳಿದ್ದೀಯ ಎಂದು ಹೇಳಿದೆ. ಗೌತಮ ಊಟ ಸರಿಯಾಗಿ ಮಾಡುತ್ತಾನಾ ಎಂದಷ್ಟೇ ಕೇಳಿದ.

ಭರತ ಅರಸೀಕೆರೆಯಲ್ಲಿ ಐ.ಟಿ.ಐ. ಮುಗಿಸಿದ, ಡೀಸೆಲ್ ಮೆಕ್ಯಾನಿಕ್. ಸ್ಟೇಷನ್ನಿನಲ್ಲಿ ಇಂಜಿನ್ನು ನೋಡುತ್ತಾ ನಿಂತು ಎಷ್ಟೋ ಸಲ ಊರಿನ ಬಸ್ಸು ತಪ್ಪಿಸಿಕೊಳ್ಳುತ್ತಿದ್ದ. ಈಗ ರೈಲು ಓಡಿಸುವ ಕೆಲಸಕ್ಕೆ ಪರೀಕ್ಷೆ ಬರೆದಿದ್ದಾನೆ. ಮೊದಲು ಅಸಿಸ್ಟೆಂಟ್ ಆಗಿ ತೆಗೆದುಕೊಳ್ಳುತ್ತಾರಂತೆ. ಒಂದು ಹಂತ ಪಾಸಾಗಿದೆ, ಇನ್ನೂ ಎರಡು ಹಂತ ಇದೆಯಂತೆ, ಕೊನೆಗೆ ಮೆಡಿಕಲ್ಲು. ನಮ್ಮವರು ಹಾಲಿನ ಟೆಂಪೊ ಓಡಿಸುತ್ತಾರೆ, ಆರಾಮಾಗಿದ್ದಾರೆ.

ಒಂದು ಮಾತು. ಆರು ವರ್ಷದಲ್ಲಿ ಒಂದು ಸಲವೂ ಭರತನನ್ನು ವಿಚಾರಿಸದವಳು ಒಂದೇ ಕಾಗದದಲ್ಲಿ ಮೂರು ಮೂರು ಸಲ ವಿಚಾರಿಸಿದ್ದೀಯ. ಯಾಕೆ?

ಶಿಲ್ಪಾ


ಗಂಡಸಿ
22-2-2025

ಪ್ರೀತಿಯ ಶಿಲ್ಪಾ,

ಇದನ್ನು ರಿಜಿಸ್ಟರ್ ಮಾಡಿ ಕಳಿಸುತ್ತಿದ್ದೇನೆ, ಬೇರೆಯವರ ಕೈಗೆ ಸಿಗಬಾರದು. ಎಂಟನೆಯ ತರಗತಿಗೆ ಇಪ್ಪತ್ತಮೂರು ವರ್ಷದಿಂದ ಮಾಡುತ್ತಿರುವ ಪಾಠವೇ ಇದು. ನಿನಗೆ ಬರೆಯಲು ಮಾತ್ರ ಹತ್ತು ದಿನ ಹಿಡಿಯಿತು.

ನಮ್ಮ ಮೈಯೆಲ್ಲ ಜೀವಕೋಶಗಳಿಂದ ಆದದ್ದು. ಕಣ್ಣಿಗೆ ಕಾಣದಷ್ಟು ಸಣ್ಣವು. ಒಂದೊಂದಕ್ಕೂ ಸುತ್ತ ಒಂದು ಪೊರೆ, ಒಳಗೆ ಗಂಜಿಯಂಥ ದ್ರವ, ಅದರಲ್ಲಿ ಕೋಶಕೇಂದ್ರ. ಆ ಕೇಂದ್ರದಲ್ಲಿ ಅಪ್ಪನಿಂದ ಅರ್ಧ, ಅವ್ವನಿಂದ ಅರ್ಧ ಬಂದ ವರ್ಣತಂತುಗಳಿರುತ್ತವೆ. ಮೂಗು ಅಪ್ಪನ ಹಾಗೆ, ಬಣ್ಣ ಅವ್ವನ ಹಾಗೆ ಎನ್ನುತ್ತೇವಲ್ಲ, ಅದೆಲ್ಲ ಅಲ್ಲಿಂದ. ಆದರೆ ಕೇಂದ್ರದ ಹೊರಗೆ, ಆ ದ್ರವದಲ್ಲಿ, ಅವರೆಕಾಳಿನ ಆಕಾರದ ನೂರಾರು ಕಣಗಳಿವೆ. ಮೈಟೊಕಾಂಡ್ರಿಯ ಎಂದು ಹೆಸರು. ಉಂಡ ಅನ್ನದಿಂದಲೂ ಉಸಿರಿನ ಗಾಳಿಯಿಂದಲೂ ಕೋಶಕ್ಕೆ ಬೇಕಾದ ಶಕ್ತಿ ತಯಾರಾಗುವುದು ಅವುಗಳಲ್ಲಿ.

ಈ ಕಣಗಳಿಗೆ ತಮ್ಮದೇ ಆದ ಒಂದು ಚೂರು ವಂಶವಾಹಿ ಇದೆ. ಅದು ಅಪ್ಪನಿಂದ ಬರುವುದಿಲ್ಲ. ವೀರ್ಯಾಣುವಿನ ಕಣಗಳು ಅಂಡಾಣುವಿನೊಳಗೆ ಬಂದರೂ ಅಳಿದುಹೋಗುತ್ತವೆ, ಉಳಿಯುವುದು ತಾಯಿಯವು ಮಾತ್ರ. ಆ ಒಂದು ಕೋಶ ಎರಡಾಗಿ, ಎರಡು ನಾಲ್ಕಾಗಿ, ನಾಲ್ಕು ಎಂಟಾಗಿ ವಿಭಜನೆಯಾಗುವಾಗ ಪ್ರತಿ ಸಲವೂ ಅವು ಎರಡೂ ಕಡೆಗೆ ಪಾಲಾಗುತ್ತವೆ. ಮಗು ಹುಟ್ಟುವ ಹೊತ್ತಿಗೆ ಮೈಯ ಮೂಲೆಮೂಲೆಯಲ್ಲೂ ತಾಯಿಯವೇ. ನಮ್ಮಲ್ಲಿ ಆ ವಂಶವಾಹಿಯ ಹದಿನಾರು ಸಾವಿರ ಚಿಲ್ಲರೆ ಅಕ್ಷರಗಳಲ್ಲಿ ಒಂದು ಅಕ್ಷರ ತಪ್ಪಾಗಿದೆ. ಒಂದೇ ಒಂದು. ಕೈಕಾಲು, ಹೊಟ್ಟೆ ಹೇಗೋ ಸುಧಾರಿಸಿಕೊಂಡು ಹೋಗುತ್ತವೆ. ಕಣ್ಣಿನ ನರಕ್ಕೆ ಬಹಳ ಶಕ್ತಿ ಬೇಕು. ಅಲ್ಲಿ ಸಾಲದೆ ಬಂದರೆ ನರ ಒಣಗುತ್ತದೆ.

ಅಜ್ಜಿಯಿಂದ ಅವ್ವನಿಗೂ ಮಾವನಿಗೂ ಬಂತು. ಅವ್ವನಿಂದ ನನಗೂ ನಿನಗೂ. ನನ್ನಿಂದ ಗೌತಮನಿಗೆ.

ಶಿಲ್ಪಾ, ಭರತನ ಮೈಯಲ್ಲೂ ಇದೆ. ರಕ್ತ ಪರೀಕ್ಷೆ ಮಾಡಿಸದೆಯೇ ಹೇಳಬಹುದು.

ಇದ್ದ ಮಾತ್ರಕ್ಕೆ ಕಣ್ಣು ಹೋಗಲೇಬೇಕೆಂದಿಲ್ಲ. ಗಂಡುಮಕ್ಕಳಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ಹೋಗುತ್ತದೆ, ಹೆಣ್ಣುಮಕ್ಕಳಲ್ಲಿ ಹತ್ತರಲ್ಲಿ ಒಬ್ಬರಿಗೆ. ಹೆಚ್ಚಾಗಿ ಹದಿನೈದರಿಂದ ಮೂವತ್ತೈದರ ಒಳಗೆ. ಯಾರಿಗೆ ಎಂದು ಮೊದಲೇ ಹೇಳುವವರಿಲ್ಲ. ಕಾಯಿಲೆ ಬರದಂತೆ ತಡೆಯುವ ಔಷಧಿ ಇಲ್ಲ. ಬೀಡಿ, ಸಿಗರೇಟು, ಕುಡಿತ ಹತ್ತಿರ ಸೇರಿಸಬಾರದು ಎನ್ನುತ್ತಾರೆ. ಅವರಿಗೆ ಹೇಳಲು ಇರುವುದು ಅಷ್ಟೇ.

ಗಂಡಸಿನಿಂದ ಇದು ಮುಂದಕ್ಕೆ ಹೋಗುವುದಿಲ್ಲ. ಮಾವನಿಗೆ ಗೊತ್ತು ಮಾಡಿದ್ದ ಜಾವಗಲ್ಲಿನ ಸಂಬಂಧ ಕುಡುಕನಿಗೆ ಹೆಣ್ಣು ಕೊಡುವುದಿಲ್ಲವೆಂದು ಮುರಿದುಹೋಯಿತಲ್ಲ, ಅವನಿಗೆ ಮಕ್ಕಳಾಗಿದ್ದರೆ ಒಂದಕ್ಕೂ ಇದು ಬರುತ್ತಿರಲಿಲ್ಲ. ಮಕ್ಕಳಿಗೆ ಕೊಟ್ಟದ್ದು ನೀನು, ನಾನು. ಗೊತ್ತಿಲ್ಲದೆ ಕೊಟ್ಟೆವು.

ಬರೆಯದೆ ಇರೋಣ ಎಂದು ಬಹಳ ಯೋಚಿಸಿದೆ. ನೀನು ನೇರವಾಗಿ ಕೇಳಿಬಿಟ್ಟೆ. ಉತ್ತರ ಬರೆ, ಎರಡೇ ಸಾಲಾದರೂ ಬರೆ.

ನಿನ್ನ
ಮಂಜುಳಾ


ಗಂಡಸಿ
27-3-2025

ಶಿಲ್ಪಾ,

ರಿಜಿಸ್ಟರ್ ಕಾಗದ ತಲುಪಿದ್ದಕ್ಕೆ ಸಹಿಯಾದ ಕಾರ್ಡು ತಿಂಗಳ ಹಿಂದೆಯೇ ನನಗೆ ವಾಪಸು ಬಂತು. ಸಹಿ ನಿನ್ನದಲ್ಲ, ಭರತನದು. ಕಾಗದ ನಿನ್ನ ಕೈಗೆ ಬಂತೇ? ಹೌದು ಅಥವಾ ಇಲ್ಲ ಎಂದಷ್ಟು ತಿಳಿಸಿದರೆ ಸಾಕು. ಪೋಸ್ಟ್‌ಮ್ಯಾನ್ ಬರುವ ಹೊತ್ತಿಗೆ ಸ್ಟಾಫ್ ರೂಮಿನ ಕಿಟಕಿಯಲ್ಲೇ ನಿಂತಿರುತ್ತೇನೆ.

ಮಂಜುಳಾ


ಹುಲಿಕೆರೆ
14-4-2025

ಅಕ್ಕ,

ಬಂತು. ಭರತನೇ ತಂದುಕೊಟ್ಟ. ಅಂಟು ಬಿಚ್ಚಿರಲಿಲ್ಲ. ಇವತ್ತು ಜಯಂತಿ ಮೆರವಣಿಗೆ, ಅಪ್ಪ ಮಗ ಇಬ್ಬರೂ ಹಳೇಬೀಡಿಗೆ ಹೋಗಿದ್ದಾರೆ. ಮನೆಯಲ್ಲಿ ನಾನು, ಮಾವ. ಅದಕ್ಕೇ ಬರೆಯಲು ಆಗಿದ್ದು.

ನೀನು ಟೀಚರು. ತಿಳಿದದ್ದನ್ನು ಹೇಳುವುದು ನಿನ್ನ ಕೆಲಸ. ಹೇಳಿದೆ. ಈಗ ನಾನೇನು ಮಾಡಲಿ? ಔಷಧಿ ಇದೆ, ಮಗನನ್ನು ಕರೆದುಕೊಂಡು ಬಾ ಎಂದು ಬರೆದಿದ್ದರೆ ನಡೆದುಕೊಂಡೇ ಗಂಡಸಿಗೆ ಬರುತ್ತಿದ್ದೆ. ಏನೂ ಇಲ್ಲ, ಆದರೂ ತಿಳಿದುಕೊಂಡಿರು ಎಂದು ಬರೆದಿದ್ದೀಯ. ಯಾಕೆ ಎಂದು ಕೇಳಿದ್ದು ನಾನೇ, ಒಪ್ಪುತ್ತೇನೆ. ಕೇಳಿದ ನಾಲಿಗೆಯನ್ನು ಬೈದುಕೊಳ್ಳುತ್ತಿದ್ದೇನೆ.

ಅವನು ತಿನ್ನುವಾಗ ಕಣ್ಣು ನೋಡುತ್ತೇನೆ. ತಲೆ ಬಾಚುವಾಗ ಕನ್ನಡಿಯಲ್ಲಿ ಕಣ್ಣು ನೋಡುತ್ತೇನೆ. ಗೌತಮನಿಗೆ ಮೊದಲು ಒಂದು ಕಣ್ಣು ಹೋಯಿತು ಎಂದು ಬರೆದಿದ್ದೆಯಲ್ಲ, ಅದನ್ನು ಹೇಗೆ ಪತ್ತೆ ಮಾಡುವುದು? ಒಂದು ಉಪಾಯ ಮಾಡಿದೆ. ಮೆಡಿಕಲ್ಲಿನಲ್ಲಿ ಒಂದೊಂದೇ ಕಣ್ಣು ಮುಚ್ಚಿಸಿ ಓದಿಸುತ್ತಾರಂತೆ, ಅಭ್ಯಾಸ ಮಾಡಿಕೋ ಎಂದೆ. ದಿನಾ ಬೆಳಿಗ್ಗೆ ಕಾಫಿ ಕುಡಿಯುವ ಮೊದಲು ಬಾಗಿಲಲ್ಲಿ ನಿಂತು ಎದುರು ಗೋಡೆಯ ಕ್ಯಾಲೆಂಡರಿನಲ್ಲಿ ರಾಹುಕಾಲ ಓದುತ್ತಾನೆ, ಮೊದಲು ಎಡಗಣ್ಣಿನಲ್ಲಿ, ಆಮೇಲೆ ಬಲಗಣ್ಣಿನಲ್ಲಿ. ನಗುತ್ತಾ ಓದುತ್ತಾನೆ. ಒಂದು ದಿನ ತಡವರಿಸಿದ. ಹಿಟ್ಟು ತಿರುವುತ್ತಿದ್ದ ಕೋಲು ಬಿಟ್ಟು ಎದ್ದು ಬಂದೆ. ಆಮೇಲೆ ನೋಡಿದರೆ ಅವರಪ್ಪ ಕ್ಯಾಲೆಂಡರಿನ ಮೇಲೆ ಅಂಗಿ ನೇತುಹಾಕಿದ್ದರು.

ನಮ್ಮವರಿಗೆ ಹೇಳಿಲ್ಲ. ಹೇಳಿದರೆ ನಿಮ್ಮ ಮನೆಯಿಂದ ಬಂದದ್ದು ಎನ್ನುತ್ತಾರೆ. ಅದು ನಿಜವೇ ಅಲ್ಲವೇ?

ಭರತನಿಗೂ ಹೇಳುವುದಿಲ್ಲ, ನೀನೂ ಹೇಳಕೂಡದು. ಅರ್ಧ ಜನಕ್ಕೆ ಏನೂ ಆಗುವುದಿಲ್ಲ ಎಂದು ನೀನೇ ಬರೆದಿದ್ದೀಯ. ನನ್ನ ಮಗ ಆ ಅರ್ಧದಲ್ಲಿದ್ದರೆ? ಇಲ್ಲದ ಕಾಯಿಲೆಗೆ ಹೆದರಿ ಕೈಗೆ ಬಂದ ಕೆಲಸ ಬಿಡಲಾ? ಅವ್ವನ ಮೇಲೆ ಆಣೆ ಇಟ್ಟು ಕೇಳುತ್ತಿದ್ದೇನೆ. ಫೋನು ಮಾಡಬೇಡ, ನಮ್ಮದು ಎರಡು ಕೋಣೆಯ ಮನೆ, ಮಾತು ಕಿವಿಗೆ ಬೀಳುತ್ತದೆ. ಬರೆಯುವುದಿದ್ದರೆ ಅಂಗನವಾಡಿಯ ವಿಳಾಸಕ್ಕೆ ಬರೆ.

ಶಿಲ್ಪಾ


ಗಂಡಸಿ
8-6-2025

ಶಿಲ್ಪಾ,

ನೀನು ಹೇಳಿದಂತೆ ಅಂಗನವಾಡಿಗೆ ಬರೆಯುತ್ತಿದ್ದೇನೆ. ನಾನಾಗಿ ಭರತನಿಗೆ ಹೇಳುವುದಿಲ್ಲ. ಸರಿಯೋ ತಪ್ಪೋ ನನಗೆ ಗೊತ್ತಿಲ್ಲ. ಗೊತ್ತಿದೆ ಎಂದುಕೊಂಡಿದ್ದ ಎಷ್ಟೋ ಸಂಗತಿ ಈಗ ಗೊತ್ತಿಲ್ಲ.

ಶಾಲೆ ಶುರುವಾಯಿತು. ಎಂಟನೆಯವರಿಗೆ ಕೋಶದ ಪಾಠ ಬಂತು. ಈರುಳ್ಳಿ ಸಿಪ್ಪೆ ಆದ ಮೇಲೆ, ಪ್ರತಿ ವರ್ಷದಂತೆ ಕೆನ್ನೆಯ ಒಳಗಿನ ಕೋಶ ತೋರಿಸಬೇಕಿತ್ತು. ಯಾವಾಗಲೂ ಯಾರಾದರೂ ಹುಡುಗಿಯನ್ನು ಕರೆಯುತ್ತಿದ್ದೆ. ಈ ಸಲ ಹಲ್ಲುಕಡ್ಡಿಯಿಂದ ನನ್ನ ಕೆನ್ನೆಯನ್ನೇ ಕೆರೆದು ಗಾಜಿನ ಮೇಲೆ ಹಚ್ಚಿ, ನೀಲಿ ಬಣ್ಣ ಹಾಕಿದೆ. ಮಕ್ಕಳೆಲ್ಲ ನೋಡಿ ಹೋದ ಮೇಲೆ ನಾನು ಕೂತು ನೋಡಿದೆ. ಪೊರೆ ಕಂಡಿತು, ಕೇಂದ್ರ ಕಂಡಿತು. ಉಳಿದದ್ದು ತಿಳಿನೀಲಿ, ಅಷ್ಟೇ. ನನಗೆ ಬೇಕಾದದ್ದು ನಮ್ಮ ಶಾಲೆಯ ಸೂಕ್ಷ್ಮದರ್ಶಕಕ್ಕೆ ಕಾಣುವುದಿಲ್ಲ. ಕಾಣುವುದಿಲ್ಲವೆಂದು ಗೊತ್ತಿದ್ದೂ ಗಂಟೆ ಹೊಡೆಯುವವರೆಗೆ ನೋಡುತ್ತಲೇ ಇದ್ದೆ. ಕಂಡಿದ್ದರೆ ಏನು ಮಾಡುತ್ತಿದ್ದೆನೋ.

ಮಾರನೆಯ ದಿನ, ಮೈಟೊಕಾಂಡ್ರಿಯ ಕೆಡುವುದೂ ಉಂಟು ಎಂದಾಗ ಒಬ್ಬ ಹುಡುಗಿ ಎದ್ದು, "ಮಿಸ್, ಕೋಶ ಒಡೆದಾಗ ಕೆಟ್ಟದ್ದು ಒಂದೇ ಕಡೆ ಹೋಗಿ ಒಳ್ಳೇದು ಇನ್ನೊಂದು ಕಡೆ ಉಳಿಯಲ್ವಾ?" ಎಂದು ಕೇಳಿದಳು. ಕೆಲವರಲ್ಲಿ ಹಾಗೂ ಆಗುತ್ತದೆ. ಒಳ್ಳೆಯವೂ ಕೆಟ್ಟವೂ ಬೆರೆತಿರುವವರ ಮನೆಯಲ್ಲಿ ಒಂದು ಮಗುವಿಗೆ ಕಡಿಮೆ ಸಿಕ್ಕಿ ಪಾರಾಗುತ್ತದೆ. ನಮ್ಮದರಲ್ಲಿ ಬೆರಕೆಯಿಲ್ಲ, ಎಲ್ಲವೂ ಒಂದೇ ತರಹ ಎಂದು ವರದಿಯಲ್ಲಿದೆ. ಅವಳಿಗೆ ಒಳ್ಳೆಯ ಪ್ರಶ್ನೆ, ಕೂತ್ಕೋ ಎಂದೆ.

ಗೌತಮ ಒಂದೇ ಕಡೆ ಕೂತಿರುತ್ತಾನೆ. ಫೋನಿನಲ್ಲಿ ಓದಿ ಹೇಳುವ ಸೌಲಭ್ಯ ಹಾಕಿಕೊಟ್ಟಿದ್ದೇವೆ, ಮುಟ್ಟುವುದಿಲ್ಲ. ಅವನಿಗೆ ಕೋಪವಿದೆ. ನನ್ನ ಮೇಲೆ ತೋರಿಸಿದರೆ ಆಗುತ್ತಿತ್ತು, ತೋರಿಸುವುದಿಲ್ಲ.

ಮಂಜುಳಾ


ಹುಲಿಕೆರೆ
20-7-2025

ದೊಡ್ಡಮ್ಮನಿಗೆ ಭರತ ಮಾಡುವ ನಮಸ್ಕಾರಗಳು.

ನಿಮ್ಮ ಶಾಲೆಯ ವಿಳಾಸಕ್ಕೆ ಬರೆಯುತ್ತಿದ್ದೇನೆ. ತಪ್ಪು ತಿಳಿಯಬೇಡಿ. ಫೆಬ್ರವರಿಯಲ್ಲಿ ನೀವು ಕಳಿಸಿದ ರಿಜಿಸ್ಟರ್ ಕಾಗದವನ್ನು ಸಹಿ ಮಾಡಿ ತೆಗೆದುಕೊಂಡವನು ನಾನು. ಆರು ವರ್ಷ ಮಾತಿಲ್ಲದವರಿಂದ ರಿಜಿಸ್ಟರ್ ಬಂತಲ್ಲ, ಸಣ್ಣಯ್ಯ ತಾತನನ್ನು ಕರೆದುಕೊಂಡು ಹೋಗುವ ವಿಷಯವೋ ಏನೋ, ಅಮ್ಮ ಬೇಜಾರು ಮಾಡಿಕೊಳ್ಳುತ್ತಾರೆ ಎಂದು ಬಿಚ್ಚಿ ಓದಿದೆ. ಆಮೇಲೆ ಅನ್ನದ ಅಗುಳಿನಿಂದ ಅಂಟಿಸಿ ಅಮ್ಮನಿಗೆ ಕೊಟ್ಟೆ. ಅಮ್ಮನಿಗಿಂತ ಮೊದಲೇ ನನಗೆ ಗೊತ್ತು.

ನನಗೆ ಗೊತ್ತೆಂದು ಅಮ್ಮನಿಗೆ ಗೊತ್ತಿಲ್ಲ. ದಿನಾ ಬೆಳಿಗ್ಗೆ ಕ್ಯಾಲೆಂಡರ್ ಓದಿಸುತ್ತಾರೆ. ನಾನು ಓದಿ ಮುಗಿಸಿದ ಮೇಲೆಯೇ ಅವರು ಕಾಫಿ ಕುಡಿಯುವುದು. ಏನೂ ಅರಿಯದವನ ಹಾಗೆ ನಗುತ್ತಾ ಓದುತ್ತೇನೆ. ಅವರು ಓದಿಸುವ ಮೊದಲೇ ಹಿತ್ತಿಲಿಗೆ ಹೋಗಿ ಒಂದೊಂದೇ ಕಣ್ಣು ಮುಚ್ಚಿ ನಾನೇ ನೋಡಿಕೊಂಡಿರುತ್ತೇನೆ. ಆಗೊಮ್ಮೆ ಈಗೊಮ್ಮೆ ಗೆಳೆಯರ ಜೊತೆ ಸಿಗರೇಟು ಸೇದುತ್ತಿದ್ದೆ, ಅವತ್ತೇ ಬಿಟ್ಟೆ.

ಪರೀಕ್ಷೆಗಳೆಲ್ಲ ಮುಗಿದವು, ಆಯ್ಕೆಯಾಗಿದೆ. ಮುಂದಿನ ತಿಂಗಳು ರೈಲ್ವೆ ಆಸ್ಪತ್ರೆಯಲ್ಲಿ ಮೆಡಿಕಲ್. ನನ್ನ ಕಣ್ಣು ಇವತ್ತಿಗೆ ಚೆನ್ನಾಗಿದೆ, ಪಾಸಾಗುತ್ತೇನೆ. ನಾನಾಗಿ ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ.

ಹೇಳಬೇಕೇ ದೊಡ್ಡಮ್ಮ? ಹೇಳಿದರೆ ಕೆಲಸ ಹೋಗುತ್ತದೆ, ಕಣ್ಣು ಹೋಗದೆಯೂ ಇರಬಹುದು. ಹೇಳದಿದ್ದರೆ ಒಂದು ದಿನ ಇಂಜಿನ್ನಿನಲ್ಲಿ ಕೂತಾಗ ಸಿಗ್ನಲ್ಲಿನ ನಡುವೆ ಮಬ್ಬು ಬಂದರೆ? ಯಾರನ್ನು ಕೇಳುವುದು ತಿಳಿಯಲಿಲ್ಲ. ಗೌತಮಣ್ಣನಿಗೆ ಹೇಗೆ ಶುರುವಾಯಿತು, ಎಷ್ಟು ದಿನಕ್ಕೆ ಗೊತ್ತಾಯಿತು, ದಯವಿಟ್ಟು ಕೇಳಿ ಬರೆಯಿರಿ. ಗೆಳೆಯ ಚೇತನ್‌ಕುಮಾರನ ಅಂಗಡಿಯ ವಿಳಾಸ ಕಾಗದದ ಹಿಂಬದಿಯಲ್ಲಿ ಬರೆದಿದ್ದೇನೆ, ಅಲ್ಲಿಗೆ ಕಳಿಸಿ.

ಅಮ್ಮನಿಗೆ ಹೇಳಬೇಡಿ. ನನಗೆ ಗೊತ್ತಿಲ್ಲ ಎನ್ನುವ ಒಂದೇ ಸಮಾಧಾನ ಅವರಿಗಿರುವುದು.

ಇಂತಿ
ಭರತ


ಗಂಡಸಿ
27-7-2025

ಮಗು ಭರತ,

ನಿನ್ನ ಕಾಗದ ಓದಿದ ಮೇಲೆ ಆ ದಿನ ಎರಡು ಪೀರಿಯಡ್ ಸುಮ್ಮನೆ ಮಕ್ಕಳಿಗೆ ಬರೆಯಲು ಕೊಟ್ಟು ಕೂತಿದ್ದೆ. ನಿಮ್ಮಮ್ಮ ನಿನಗೆ ಹೇಳಬೇಡವೆಂದು ನನ್ನಿಂದ ಮಾತು ತೆಗೆದುಕೊಂಡಿದ್ದಾಳೆ. ನೀನು ಅವಳಿಗೆ ಹೇಳಬೇಡವೆನ್ನುತ್ತೀಯ. ಇಬ್ಬರ ಮಾತನ್ನೂ ಉಳಿಸುತ್ತೇನೆ. ಹೇಗೆ ಉಳಿಸುತ್ತೇನೋ.

ಹೇಳಬೇಕೇ ಎಂದು ಕೇಳಿದ್ದೀಯ. ಕೋಶದೊಳಗೆ ಏನಾಗುತ್ತದೆ ಎಂದು ಕೇಳು, ಹೇಳುತ್ತೇನೆ. ಇದು ಪಾಠದಲ್ಲಿಲ್ಲ. ಹೇಳು ಎಂದರೆ ನಿನ್ನ ಅನ್ನ ಕಿತ್ತವಳಾಗುತ್ತೇನೆ. ಹೇಳಬೇಡ ಎಂದರೆ ಆ ರೈಲಿನಲ್ಲಿ ಕೂತವರಿಗೆ ಏನು ಹೇಳಲಿ? ದೊಡ್ಡವಳಾಗಿ ನಿನಗೆ ದಾರಿ ತೋರಿಸಬೇಕಾದವಳು, ತೋರಿಸಲಾಗುತ್ತಿಲ್ಲ.

ಗೌತಮನಿಗೆ ಓದಿ ಹೇಳಿದೆ, ಅವನಿಗೆ ಮುಚ್ಚಿಡಲಿಲ್ಲ. ಎಷ್ಟೋ ತಿಂಗಳ ಮೇಲೆ ಎದ್ದು ಬಂದು ನನ್ನ ಪಕ್ಕ ಕೂತ. ಅವನು ಹೇಳಿದ್ದನ್ನು ಹಾಗೇ ಬರೆಯುತ್ತಿದ್ದೇನೆ: "ಒಂದೇ ದಿನಕ್ಕೆ ಹೋಗಲ್ಲ ಕಣೋ ಭರತ. ಒಂದೊಂದ್ ಕಣ್ಣಿಗೂ ಎರಡು ಮೂರು ವಾರ ಹಿಡೀತು. ಆದ್ರೆ ಶುರುವಾಗಿದ್ದು ಗೊತ್ತಾದ್ಮೇಲೂ ಹತ್ತು ದಿನ ನಾನು ಯಾರಿಗೂ ಹೇಳ್ಲಿಲ್ಲ, ಸರಿಹೋಗುತ್ತೆ ಅಂತ ಬೈಕ್ ಓಡಿಸ್ಕೊಂಡೇ ಕಾಲೇಜಿಗೆ ಹೋಗ್ತಿದ್ದೆ. ಅಷ್ಟು ಮಾತ್ರ ತಿಳ್ಕೊ."

ನಿನ್ನ
ದೊಡ್ಡಮ್ಮ


ಹುಲಿಕೆರೆ
5-10-2025

ಅಕ್ಕ,

ನಿನಗೂ ಗೊತ್ತಿತ್ತಂತೆ. ಅವನಿಗೆ ಗೊತ್ತಿರುವುದು ನಿನಗೆ ಗೊತ್ತಿತ್ತಂತೆ.

ಆಗಸ್ಟಿನಲ್ಲಿ ಮೆಡಿಕಲ್ಲಿಗೆ ಹೋದವನು ಎರಡು ದಿನ ಬಿಟ್ಟು ಬಂದ. ಪಾಯಸ ಮಾಡಿಟ್ಟಿದ್ದೆ. ಏನಾಯ್ತೋ ಎಂದರೆ, ಇನ್ನೂ ತಿಳಿಸಿಲ್ಲ ಎಂದ. ಹೋದ ವಾರ ರಕ್ತದ ವರದಿ ಬಂದ ಮೇಲೆ ಮಾವನ ಮುಂದೆ ನನ್ನನ್ನು ಕೂರಿಸಿ ಹೇಳಿದ.

ಅವತ್ತು ಗೋಡೆಯ ಮೇಲಿನ ಅಕ್ಷರವನ್ನೆಲ್ಲ ಕೊನೆಯ ಸಾಲಿನವರೆಗೆ ಓದಿದನಂತೆ. ಡಾಕ್ಟರು ಶಭಾಷ್ ಎಂದರಂತೆ. ಆಮೇಲೆ ಫಾರಂ ತುಂಬುತ್ತಾ, ಮನೆಯಲ್ಲಿ ಯಾರಿಗಾದರೂ ಕಣ್ಣಿನ ಕಾಯಿಲೆ ಇದೆಯೇ ಎಂದು ತಲೆ ಎತ್ತದೆಯೇ ಕೇಳಿದರಂತೆ. "ಇಲ್ಲ ಅಂತ ಬಾಯ್ಗೆ ಬಂದಿತ್ತು ಅಮ್ಮ. ಹೇಳ್ಬಿಟ್ಟೆ." ಎಲ್ಲಿಗೋ ಕಳಿಸಿ ರಕ್ತ ಪರೀಕ್ಷೆ ಮಾಡಿಸಿದರು. ನೀನು ಬರೆದದ್ದೇ ಇದೆ ಎಂದು ಬಂತು. ರೈಲು ಓಡಿಸುವ ಕೆಲಸಕ್ಕೆ ಆಗುವುದಿಲ್ಲವಂತೆ. ಬೇರೆ ಕೆಲಸ ಕೊಡುತ್ತಾರೋ ಇಲ್ಲವೋ ಇನ್ನೂ ಗೊತ್ತಿಲ್ಲ.

ಹೊಡೆದೆ ಅಕ್ಕ. ಐದು ವರ್ಷದ ಮಗುವಾಗಿದ್ದಾಗಲೂ ಹೊಡೆದವಳಲ್ಲ. ಕೆನ್ನೆಗೆ ಎರಡು ಹೊಡೆದೆ. ತಪ್ಪಿಸಿಕೊಳ್ಳಲಿಲ್ಲ. ಮೂರನೆಯದಕ್ಕೆ ಕೈ ಎತ್ತಿದಾಗ ಕಣ್ಣಿಗೆ ತಗುಲೀತೆಂದು ಹೆದರಿ ಕೈ ಇಳಿಸಿದೆ. ಆಮೇಲೆ ಅಳು ಬಂತು.

ಮಾವ ಇದ್ದಲ್ಲಿಂದಲೇ ಹೇಳಿದ: "ಬಿಡವ್ವ. ನಾನು ನಿಜ ಹೇಳ್ದಾಗ ಯಾರೂ ನಂಬ್ಲಿಲ್ಲ. ಇವನ್ ಹೇಳಿದ್ನಾದ್ರೂ ನಂಬವ್ರೆ."

ನಮ್ಮವರಿಗೂ ಹೇಳಿದ್ದಾಯಿತು. ನಾನು ಹೆದರಿದ್ದ ಮಾತು ಅವರ ಬಾಯಲ್ಲಿ ಬರಲಿಲ್ಲ. ಟೆಂಪೊ ತೊಳೆಯುತ್ತಾ ನಿಂತರು, ತೊಳೆದದ್ದನ್ನೇ ಮತ್ತೆ ತೊಳೆದರು. ಮುಚ್ಚಿಡುವುದಿದ್ದಾಗ ಮುಚ್ಚಿಡುವ ಕೆಲಸವಾದರೂ ಇತ್ತು. ಈಗ ಕ್ಯಾಲೆಂಡರ್ ಓದಿಸುವುದನ್ನೂ ಬಿಟ್ಟಿದ್ದೇನೆ. ಓದಲಿ ಬಿಡಲಿ, ನಾನೇನು ಮಾಡಬಲ್ಲೆ?

ನಿನ್ನ ಮೇಲೆ ಕೋಪ ಮಾಡಿಕೊಳ್ಳೋಣ ಎಂದು ಕೂತೆ, ಆಗಲಿಲ್ಲ. ಈ ವಿಷಯ ಮಾತಾಡಲು ನೀನು ಬಿಟ್ಟರೆ ನನಗೆ ಯಾರಿದ್ದಾರೆ? ದೀಪಾವಳಿ ರಜೆಯಲ್ಲಿ ಭರತನನ್ನೂ ಮಾವನನ್ನೂ ಕರೆದುಕೊಂಡು ಬರುತ್ತೇನೆ. ಹಾಸನದ ಮೇಲೆ ಬಂದು ಗಂಡಸಿ ಹ್ಯಾಂಡ್‌ಪೋಸ್ಟಿನಲ್ಲಿ ಇಳಿಯುತ್ತೇವೆ. ಮಾವನೇ ಕೇಳಿದ, ಆ ಹುಡುಗನ ಹತ್ತಿರ ಒಂದ್ ದಿನ ಕೂತ್ಕಬೇಕು ಎಂದು. ನಿನ್ನ ಮನೆಗೆ ಬರಲು ಅವನಿಗೆ ಏನೂ ಬೇಜಾರಿಲ್ಲವಂತೆ.

ಶಿಲ್ಪಾ


ಹುಲಿಕೆರೆ
2-11-2025

ಪ್ರೀತಿಯ ಅಕ್ಕ,

ಕ್ಷೇಮವಾಗಿ ಊರು ಸೇರಿದೆವು. ನೀನು ಬಸ್ಸಿನ ಕಿಟಕಿಯಲ್ಲಿ ಮಾವನ ಕೈ ಹಿಡಿದುಕೊಂಡು ಏನೋ ಹೇಳಿದೆಯಲ್ಲ, ಏನೆಂದು ನಾನು ಕೇಳಲಿಲ್ಲ. ಅರಸೀಕೆರೆಯಿಂದ ಹಾಸನದ ಕಡೆ ಹೋಗುವ ರೈಲೊಂದು ದಾರಿಯಲ್ಲಿ ಸಿಕ್ಕಿತು. ಭರತ ನೋಡಲಿಲ್ಲ, ಅಥವಾ ನಾನು ನೋಡಿದಾಗ ನೋಡುತ್ತಿರಲಿಲ್ಲ.

ನಿನಗೆ ಒಂದು ಸಂಗತಿ ಹೇಳಬೇಕು. ಅಲ್ಲಿ ಹೇಳಲು ಬಾಯಿ ಬರಲಿಲ್ಲ. ಎರಡನೆಯ ದಿನ ಬೆಳಿಗ್ಗೆ ನೀನು ಒಳಗೆ ರೊಟ್ಟಿ ತಟ್ಟುತ್ತಿದ್ದೆ. ನಾನು ನೀರು ತರಲು ಕೊಡ ಹಿಡಿದು ಹಿತ್ತಿಲಿಗೆ ಹೋದೆ. ತೆಂಗಿನ ಮರದ ಕೆಳಗೆ ಚಾಪೆಯ ಮೇಲೆ ಮಾವ ಗೌತಮನನ್ನು ಎದುರಿಗೆ ಕೂರಿಸಿಕೊಂಡಿದ್ದ. ಮಾವ ಹೇಳುತ್ತಿದ್ದ:

"ಮಕ ನೋಡ್ಬೇಕು ಅಂದ್ರೆ ಮಕಾನೇ ನೋಡ್ಬಾರ್ದು ಕಣ್ಲಾ. ನಡ್ಮದ್ಯ ಏನೂ ಇಲ್ಲ, ಅಲ್ಲಿ ಹುಡುಕ್‌ಬ್ಯಾಡ. ಕಿವಿಯಿಂದ ಆಚೆಗೆ ನೋಡು. ಆತ್ರ ಪಡ್‌ಬ್ಯಾಡ. ಮಕ ಓರೇಲಿ ತಾನೇ ಬತ್ತದೆ."

ಗೌತಮ ಕತ್ತು ಆ ಕಡೆ ಈ ಕಡೆ ಹೊರಳಿಸಿದ. ಇಲ್ಲ ತಾತ ಎಂದ. ಇನ್ನೂ ಸೊಲ್ಪ ಮೇಲಕ್ಕೆ ನೋಡು, ನಂಗೆ ಇದು ಸಿಕ್ಕಕ್ಕೆ ಎರಡು ವರ್ಷ ಬೇಕಾತು ಎಂದ ಮಾವ. ಯಾರೂ ಹೇಳಿಕೊಟ್ಟಿರಲಿಲ್ಲ ಅವನಿಗೆ. ಬೇರೆಲ್ಲೋ ನೋಡಿಕೊಂಡು ಮಾತಾಡುತ್ತಾನೆ, ಕುಡುಕ, ಎಂದು ಬೈಯುತ್ತಿದ್ದೆವಲ್ಲ, ಅವನು ನಮ್ಮನ್ನು ನೋಡುತ್ತಿದ್ದದ್ದು ಹಾಗಂತೆ. ಬಹಳ ಹೊತ್ತಾದ ಮೇಲೆ ಗೌತಮ, "ತಾತ, ನಿಮಗೆ ಮೀಸೆ ಇದೆ" ಎಂದ. ಇಬ್ಬರೂ ನಕ್ಕರು. ಅಕ್ಕ, ಅವನು ನಕ್ಕದ್ದನ್ನು ನೀನು ಕೇಳಿರಲಿಲ್ಲ ಎಂದೆಯಲ್ಲ, ಅವತ್ತು ನಕ್ಕ.

ಭರತ ಮರದ ಆ ಬದಿ ಕೂತಿದ್ದ. ಮೊದಲು ನನಗೆ ಕಾಣಲಿಲ್ಲ. ಮಾವನ ಎದುರಿಗೆ ಸರಿದು, ಕೈ ಮೊಣಕಾಲ ಮೇಲೆ ಇಟ್ಟುಕೊಂಡು, ಚೆನ್ನಾಗಿರುವ ಎರಡೂ ಕಣ್ಣನ್ನು ಅವನ ಕಿವಿಯಿಂದ ಆಚೆಗೆ, ಬೇಲಿಯ ಕಡೆಗೆ ನೆಟ್ಟ. ಗೌತಮನಿಗೆ ಹೇಳಿಕೊಟ್ಟಂತೆಯೇ ಮಾವ ಅವನಿಗೂ ಹೇಳಿಕೊಟ್ಟ.

"ಕಾಣ್ತದಾ ಮಗ?"

"ಸೊಲ್ಪ ಕಾಣ್ತದೆ ತಾತ."

ಬಾರೋ, ಎದ್ದು ಬಾ ಎಂದು ಕರೆಯಲು ಬಾಯಿ ತೆರೆದೆ. ಕರೆದು ಏನು ಹೇಳುವುದು? ನಿನಗೆ ಅದು ಬೇಕಾಗುವುದಿಲ್ಲ ಎಂದು ಹೇಳಲು ನನ್ನ ಹತ್ತಿರ ಏನಿದೆ? ಒಳಗಿನಿಂದ ನೀನು ನೀರು ಎಲ್ಲೇ ಎಂದು ಎರಡು ಸಲ ಕೂಗಿದ್ದು ಕೇಳಿಸಿತು. ಹಾಗೆ ನೋಡುವುದು ಭರತನಿಗೆ ಬರುವವರೆಗೂ ಕೊಡ ಹಿಡಿದು ಅಲ್ಲೇ ನಿಂತಿದ್ದೆ.

ನಿನ್ನ ತಂಗಿ
ಶಿಲ್ಪಾ